ಭೂತವನ್ನು ಬಿಡಿ, ಮನೆಯ ಸದ್ದು ಕೇಳಿ

ಗೆಳೆಯನೊಬ್ಬ ಎಡ್ಗರ್ ಅಲನ್ ಪೋನ ‘ಅಶರ್ ಮನೆಯ ಪತನ’ವನ್ನು ಬಾನುಲಿ ನಾಟಕವಾಗಿಸಿ ಕಳಿಸಿದ್ದ. ಮೊದಲ ಪುಟದಲ್ಲೇ ಗಗ್ಗರದ ಸದ್ದು, ಕೊನೆಯಲ್ಲಿ ಭೂತದ ಅಬ್ಬರ. ‘ನಮ್ಮ ಮಣ್ಣಿಗೆ ಒಗ್ಗಿಸಿದ್ದೇನೆ’ ಎಂದ. ಒಗ್ಗಿಸಿಲ್ಲ ಮಾರಾಯ, ಎರಡನ್ನೂ ಕೆಡಿಸಿದ್ದಿ.

ಕುಂಬ್ರದ ಕಡೆ ಭೂತವೆಂದರೆ ದೂರು ಹೇಳಿಕೊಳ್ಳುವ ಜಾಗ. ಕೋಲದ ದಿನ ಅದು ಎದುರು ನಿಂತು ಕೇಳುತ್ತದೆ, ನುಡಿ ಕೊಡುತ್ತದೆ. ಗಾಥಿಕ್ ಕಥೆಯ ಭಯ ಹುಟ್ಟುವುದೇ ದೂರು ಕೇಳುವವರು ಯಾರೂ ಇಲ್ಲದಲ್ಲಿ. ‘ಘೋಸ್ಟ್’ಗೆ ‘ಭೂತ’ ಎಂದು ಬರೆದು ಕೈತೊಳೆದುಕೊಳ್ಳುವುದು ನಿಘಂಟಿನ ಸೋಮಾರಿತನ.

ಈ ಕಥೆಗಳು ರೇಡಿಯೋಗೆ ಸುಮ್ಮನೆ ಒಗ್ಗಿದ್ದಲ್ಲ. ಆರ್ಸನ್ ವೆಲ್ಸ್‌ನ ಮರ್ಕ್ಯುರಿ ಥಿಯೇಟರ್ 1938ರ ಜುಲೈ 11ರಂದು ತನ್ನ ಬಾನುಲಿ ಸರಣಿ ಆರಂಭಿಸಿದ್ದು ‘ಡ್ರಾಕುಲಾ’ದಿಂದ. ಕಣ್ಣಿಗೆ ಕೋರೆಹಲ್ಲು, ರಕ್ತ ಎಲ್ಲ ಬೇಕು. ಕಿವಿಗೆ ಒಂದು ಬಾಗಿಲು ಕಿರುಗುಟ್ಟಿದರೆ ಸಾಕು. ‘ಅಶರ್’ ಅಂತೂ ಕಿವಿಯದೇ ಕಥೆ. ತಂಗಿಯನ್ನು ಜೀವಂತ ಹೂತಿಟ್ಟ ಅಣ್ಣ ದಿನಗಟ್ಟಲೆ ಅವಳ ಸದ್ದು ಕೇಳಿಸಿಕೊಳ್ಳುತ್ತಾನೆ, ಬಾಯಿ ಬಿಡುವುದಿಲ್ಲ. ಹೆಣ ಎದ್ದು ಬಂದದ್ದಕ್ಕಿಂತ ಕೇಳಿಯೂ ಸುಮ್ಮನಿದ್ದದ್ದು ಅಲ್ಲಿನ ಭಯಾನಕ.

ಅಂಥ ಮನೆ ನಮ್ಮಲ್ಲಿಲ್ಲವೇ? 1974ರ ಭೂಮಸೂದೆಯ ನಂತರ ಒಕ್ಕಲುಗಳು ಡಿಕ್ಲರೇಶನ್ ಕೊಟ್ಟರು. ಎಷ್ಟೋ ದೊಡ್ಡ ಮನೆಗಳ ಪತ್ತಾಯ ಬರಿದಾಯಿತು, ಉಪ್ಪರಿಗೆಗೆ ಗೆದ್ದಲು ಹಿಡಿಯಿತು. ಧಣಿಯ ಪತನಕ್ಕೆ ಪಿಟೀಲು ನುಡಿಸಿ ಕಣ್ಣೀರು ಹಾಕಿಸುವುದು ಸುಲಭ. ಅದು ಎರಡನೆಯ ತಪ್ಪು. ಆ ಮನೆಯಲ್ಲಿ ಜೀವಂತ ಹೂತುಹೋದವರು ಯಾರು ಎಂದು ನಾಟಕ ಕೇಳಬೇಕು. ಗೇಣಿ ಹೊತ್ತು ಅಂಗಳದಲ್ಲಿ ನಿಂತವರ ದನಿ ಚಾವಡಿಗೆ ಹತ್ತಲಿಲ್ಲ. ಒಕ್ಕಲೂ ಅಲ್ಲದ ಕೂಲಿಯಾಳುಗಳಲ್ಲಿ ಬಹುಪಾಲು ಮಂದಿಗೆ ಮಸೂದೆ ಬಂದರೂ ಗದ್ದೆ ಬರಲಿಲ್ಲ.

ನನ್ನ ಅಜ್ಜಿ ಅಂಥದೊಂದು ಅಂಗಳದಲ್ಲಿ ಭತ್ತ ಬಡಿದವರು. ಉಪ್ಪರಿಗೆಯ ಮೆಟ್ಟಿಲು ಸದ್ದು ಮಾಡಿದರೆ ಕೆಲಸದವರ ಮಾತು ತಟ್ಟನೆ ನಿಲ್ಲುತ್ತಿತ್ತು ಎನ್ನುತ್ತಿದ್ದರು. ಎಪ್ಪತ್ತು ದಾಟಿದ ಮೇಲೂ ಮರದ ಮೆಟ್ಟಿಲು ಕಿರ್ ಎಂದರೆ ಅವರ ಸ್ವರ ತಗ್ಗುತ್ತಿತ್ತು. ಇದಕ್ಕಿಂತ ಒಳ್ಳೆಯ ಧ್ವನಿಪರಿಣಾಮ ಯಾವ ಸ್ಟುಡಿಯೋದಲ್ಲಿದೆ?

ಭಯದ ಕಥೆಗೆ ರಾಜಕೀಯ ತುರುಕುತ್ತೀರಿ ಎನ್ನುವವರು ಗಾಥಿಕ್‌ನ ಮೊದಲ ಕಾದಂಬರಿಯೆನಿಸಿಕೊಂಡ, 1764ರ ‘ದಿ ಕ್ಯಾಸಲ್ ಆಫ್ ಒಟ್ರಾಂಟೊ’ ತೆರೆದು ನೋಡಲಿ. ಕಬಳಿಸಿದ ಆಸ್ತಿಯೇ ಅದರ ವಸ್ತು. ರೈತನಂತೆ ಕಾಣುವ ಹುಡುಗನೇ ಕೊನೆಗೆ ಹಕ್ಕುದಾರ. ರಾಜಕೀಯವನ್ನು ನಾವು ತುರುಕಬೇಕಿಲ್ಲ, ಅದು ತಳಪಾಯದಲ್ಲೇ ಇದೆ.

ಮಂಗಳೂರು ಆಕಾಶವಾಣಿ ಶುರುವಾದದ್ದು 1976ರಲ್ಲಿ, ಭೂಮಸೂದೆಯ ಬಿಸಿ ಆರುವ ಮೊದಲೇ. ಆ ಮೆಟ್ಟಿಲಿನ ಸದ್ದು ಬಲ್ಲವರು ಈಗ ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಗೆಳೆಯಾ, ಗಗ್ಗರ ಕೆಳಗಿಡು. ಮೊದಲು ಅವರ ಹತ್ತಿರ ಹೋಗಿ ಕೂತು ಕೇಳು. ಕೇಳಿಯೂ ಸುಮ್ಮನಿದ್ದರೆ ನಾವೂ ಅಶರ್ ಮನೆಯವರೇ.