ಸೆಕೆ, ಬೆವರು ಮತ್ತು ಕುತ್ತಿಗೆಯ ಟೈ

ನಮ್ಮ ಕರಾವಳಿಯ ಮಾತಿನಲ್ಲಿ ಬಿಸಿಲು ಬೇರೆ, ಸೆಕೆ ಬೇರೆ. ಬಿಸಿಲಿನಿಂದ ಪಾರಾಗಲು ಒಂದು ಮಾವಿನ ಮರದ ನೆರಳು ಸಾಕು. ಸೆಕೆ ಹಾಗಲ್ಲ, ಅದು ನೆರಳಿಗೂ ಬರುತ್ತದೆ, ಚಾವಡಿಗೂ ಬರುತ್ತದೆ, ರಾತ್ರಿ ಚಾಪೆಯ ಮೇಲೆ ನಮ್ಮ ಪಕ್ಕದಲ್ಲಿಯೇ ಮಲಗುತ್ತದೆ. ಭಾಷೆಯಲ್ಲಿ ಇಷ್ಟು ಸ್ಪಷ್ಟವಾದ ಭೇದವನ್ನು ಮಾಡಿಕೊಂಡ ನಾವೇ, ಬೆವರುವ ಮನುಷ್ಯನೊಬ್ಬನನ್ನು ಕಂಡ ಕೂಡಲೇ ಎಲ್ಲವನ್ನೂ ಮರೆಯುತ್ತೇವೆ. ಹಿರಿಯನಾದರೆ "ಏನು ಮಾಸ್ಟ್ರೇ, ಹೆದರಿದಿರಾ?" ಎಂಬ ಪ್ರಶ್ನೆ. ಹುಡುಗನಾದರೆ "ಏನೋ ತಪ್ಪು ಮಾಡಿದ್ದಾನೆ, ಬೆವರುವುದು ನೋಡಿ" ಎಂಬ ತೀರ್ಪು. ಹೆಣ್ಣುಮಗಳಾದರೆ ಪ್ರಶ್ನೆಯೂ ಇಲ್ಲ, ತೀರ್ಪೂ ಇಲ್ಲ. ಪಕ್ಕದಲ್ಲಿ ಕುಳಿತವರು ಸದ್ದಿಲ್ಲದೆ ಸರಿದು ಕೂರುತ್ತಾರೆ.

ನಾನು ಅತಿಯಾಗಿ ಬೆವರುವವನು. ನನ್ನ ತರಗತಿಯಲ್ಲಿ ಕುಳಿತ ನಿಮಗೆ ಇದನ್ನು ಹೇಳಬೇಕಾಗಿಲ್ಲ. ಹೆಗಲ ಮೇಲಿನ ಬೈರಾಸು, ಬೆರಳ ನಡುವೆ ಒದ್ದೆಯಾಗಿ ತುಂಡಾಗುತ್ತಿದ್ದ ಚಾಕ್‌ಪೀಸು, ಮೂರನೆಯ ಪಿರಿಯಡ್ಡಿನ ಹೊತ್ತಿಗೆ ಅಂಗಿಯ ಬೆನ್ನಿನ ಮೇಲೆ ಮೂಡುತ್ತಿದ್ದ ಭೂಪಟ ಇವೆಲ್ಲ ನಿಮಗೆ ನೆನಪಿರಬಹುದು. ಹಿಂದಿನ ಬೆಂಚಿನವರು ಆ ಭೂಪಟದಲ್ಲಿ ಒಂದು ದಿನ ಆಫ್ರಿಕವನ್ನೂ ಇನ್ನೊಂದು ದಿನ ದಕ್ಷಿಣ ಅಮೆರಿಕವನ್ನೂ ಗುರುತಿಸುತ್ತಿದ್ದಿರೆಂದು ನನಗೆ ಗೊತ್ತು. ಬಂಧುಗಳಿಗೆ ನಾನು ಡಿಸೆಂಬರಿನಲ್ಲೂ ಫ್ಯಾನು ಹಾಕಿ ಮಲಗುವ, ಹಂಡೆಯ ಬಿಸಿನೀರನ್ನು ಬಿಟ್ಟು ಬಾವಿಯ ತಣ್ಣೀರನ್ನೇ ಸುರಿದುಕೊಳ್ಳುವ ವಿಚಿತ್ರ ಪ್ರಾಣಿ. ನನ್ನ ಪಾಲಿಗೆ ವರ್ಷದ ಒಳ್ಳೆಯ ದಿನಗಳೆಂದರೆ ಕಾರ್ಕಳದ ಕಡೆ ಘಟ್ಟದಿಂದ ತಂಪುಗಾಳಿ ಇಳಿಯುವ ಧನುರ್ಮಾಸದ ಮುಂಜಾನೆಗಳು ಮಾತ್ರ. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲವೆಂಬುದು ನನ್ನ ದೃಢವಾದ ಅಭಿಮತ. ನಾಚಿಕೆಪಡಬೇಕಾದವರು ಬೇರೆಯವರಿದ್ದಾರೆ.

ಮೊದಲು ಸ್ವಲ್ಪ ವಿಜ್ಞಾನ. ಹಳೆಯ ಅಭ್ಯಾಸ, ಸಹಿಸಿಕೊಳ್ಳಿ. ಒಂದು ಗ್ರಾಂ ಬೆವರು ಚರ್ಮದ ಮೇಲಿಂದ ಆವಿಯಾಗುವಾಗ ಸುಮಾರು 580 ಕ್ಯಾಲೊರಿ ಶಾಖವನ್ನು ಹೊತ್ತೊಯ್ಯುತ್ತದೆ. ತಂಪು ಬರುವುದು ಬೆವರಿನಿಂದಲ್ಲ, ಬೆವರು ಆರುವುದರಿಂದ. ಗಾಳಿಯಲ್ಲಿ ಮೊದಲೇ ತೇವ ತುಂಬಿದ್ದರೆ ಬೆವರು ಆರುವುದಿಲ್ಲ. ಹನಿಹನಿಯಾಗಿ ನೆಲಕ್ಕೆ ಬೀಳುತ್ತದೆ. ಬಿದ್ದದ್ದು ವ್ಯರ್ಥ, ನೀರೂ ಹೋಯಿತು, ಉಪ್ಪೂ ಹೋಯಿತು, ಶಾಖ ಮಾತ್ರ ಮೈಯಲ್ಲೇ ಉಳಿಯಿತು. ಆಗ ದೇಹ ಇನ್ನಷ್ಟು ಬೆವರುತ್ತದೆ. 32 ಡಿಗ್ರಿ ಉಷ್ಣತೆಗೆ ಶೇಕಡಾ 70ರಷ್ಟು ಆರ್ದ್ರತೆ ಸೇರಿದರೆ ಮೈಗೆ ಅದು ಸುಮಾರು 41 ಡಿಗ್ರಿಯಂತೆ ತಟ್ಟುತ್ತದೆ.

ನಮ್ಮ ವ್ಯವಸ್ಥೆಗೆ ಪಾದರಸ ಗೊತ್ತು, ಸೆಕೆ ಗೊತ್ತಿಲ್ಲ. ಹವಾಮಾನ ಇಲಾಖೆಯ ಮಾನದಂಡದಂತೆ ಬಿಸಿಗಾಳಿಯ ವಿಚಾರ ಏಳುವುದು ಬಯಲು ಸೀಮೆಯಲ್ಲಿ 40 ಡಿಗ್ರಿ, ಕರಾವಳಿಯಲ್ಲಿ 37 ಡಿಗ್ರಿ ಮುಟ್ಟಿದ ಮೇಲೆ. ಬೇಸಿಗೆಯ ಬಹುಪಾಲು ದಿನಗಳಲ್ಲಿ ಉಡುಪಿಯ ಪಾದರಸ ಅದಕ್ಕಿಂತ ಕೆಳಗೇ ನಿಲ್ಲುತ್ತದೆ, ಆದುದರಿಂದ ನಮಗೆ ಕಷ್ಟವಿಲ್ಲವೆಂದು ಲೆಕ್ಕ. ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿಯೂ ವಿಜಯಪುರ, ಬಾಗಲಕೋಟೆಗಳಲ್ಲಿಯೂ ಏಪ್ರಿಲ್, ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳ ಸಮಯವನ್ನು ಬೆಳಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುತ್ತಾರೆ. ಅದು ನ್ಯಾಯ, ಅಲ್ಲಿಯ ಬಿಸಿಲು ನೆತ್ತಿ ಸುಡುವಂಥದು, ನನಗೆ ಹೊಟ್ಟೆಕಿಚ್ಚಿಲ್ಲ. ಆದರೆ ಕಾಪುವಿನ ಕಡಲ ಬದಿಯಲ್ಲಿ ರಾತ್ರಿ ಹತ್ತಕ್ಕೂ ತಲೆದಿಂಬು ಒದ್ದೆಯಾಗುವ ಊರಿನಲ್ಲಿ, ಮಕ್ಕಳನ್ನು ಕೊರಳಿಗೆ ಟೈ ಬಿಗಿದು, ಕಾಲಿಗೆ ನೈಲಾನ್ ಸಾಕ್ಸು, ಕಪ್ಪು ಶೂ ತೊಡಿಸಿ ಶಾಲೆಗೆ ಕಳುಹಿಸುತ್ತೇವಲ್ಲ, ಅದು ಯಾವ ನ್ಯಾಯ?

ಈ ಟೈ ನಮ್ಮಲ್ಲಿಗೆ ಬಂದ ಬಗೆಯನ್ನು ಸ್ವಲ್ಪ ಯೋಚಿಸಿ. ಚಳಿಯ ದೇಶದವರು ಕಾಲರಿನ ಸಂದನ್ನು ಮುಚ್ಚಿಕೊಳ್ಳಲು ಕಟ್ಟಿದ್ದನ್ನು, ಅಂಗಿಯ ಒಳಗಿನ ಬಿಸಿಗಾಳಿ ಹೊರಹೋಗಲು ಇರುವ ಏಕೈಕ ಕಿಂಡಿಗೆ ನಾವು ಬೀಗವಾಗಿ ಹಾಕಿದ್ದೇವೆ. ಶಿಸ್ತು ಎಂಬುದು ಆಡಳಿತ ಮಂಡಳಿಗಳ ಉತ್ತರ. ಕರಿಕೋಟು ನ್ಯಾಯಾಲಯದ ಶಿಸ್ತಲ್ಲವೇ? ಆದರೂ ಸುಪ್ರೀಂ ಕೋರ್ಟು, ಹೈಕೋರ್ಟುಗಳನ್ನು ಬಿಟ್ಟು ಉಳಿದ ನ್ಯಾಯಾಲಯಗಳಲ್ಲಿ ಬೇಸಿಗೆಯ ಕಾಲಕ್ಕೆ ಕೋಟು ಕಡ್ಡಾಯವಲ್ಲವೆಂದು ವಕೀಲರ ಪರಿಷತ್ತಿನ ನಿಯಮವೇ ಹೇಳುತ್ತದೆ. ಐವತ್ತು ವರ್ಷದ ವಕೀಲರಿಗೆ ಸಿಕ್ಕಿದ ವಿನಾಯಿತಿ ಎಂಟು ವರ್ಷದ ಮಗುವಿಗೆ ಸಿಕ್ಕಿಲ್ಲ. ನಮ್ಮ ಹಿರಿಯರು ಒಂದು ಪಾಣಿಪಂಚೆ, ಒಂದು ಬೈರಾಸಿನಲ್ಲಿ ಮರ್ಯಾದಸ್ಥರಾಗಿಯೇ ಬಾಳಿದರು. ಅಂಗಿ ಕಳಚಿ ದೇವರ ಮುಂದೆ ನಿಲ್ಲುವ ಪದ್ಧತಿ ನಮ್ಮ ಎಷ್ಟೋ ದೇವಸ್ಥಾನಗಳಲ್ಲಿ ಇಂದಿಗೂ ಇದೆ. ದೇವರಿಗೆ ಇಲ್ಲದ ಆಕ್ಷೇಪ ಹೆಡ್‌ಮಾಸ್ತರರಿಗೆ ಏಕೆ?

ಪರೀಕ್ಷೆಯ ಮಾತು ಇನ್ನೂ ಗಂಭೀರವಾದುದು. ಎಸ್‌ಎಸ್‌ಎಲ್‌ಸಿ ಪರೀಕ್ಷೆ ನಡೆಯುವುದು ಮಾರ್ಚ್, ಏಪ್ರಿಲ್‌ನಲ್ಲಿ, ನಮ್ಮ ಸೆಕೆ ಏರುವ ದಿನಗಳಲ್ಲೇ. ಅಂಗೈ ಬೆವರುವ ಒಬ್ಬ ಹುಡುಗ ನನ್ನ ತರಗತಿಯಲ್ಲಿದ್ದ. ಅವನ ಬೆವರೆಂದರೆ ಮೇಜಿನ ಮೇಲೆ ಕೈಯ ಅಚ್ಚು ಉಳಿಯುವಷ್ಟು. ಅಂಗೈ ಅಡಿಯಲ್ಲಿ ಇಟ್ಟುಕೊಳ್ಳಲೆಂದು ಅವನು ಒಯ್ದ ಕರವಸ್ತ್ರವನ್ನು ಪರೀಕ್ಷಾ ಕೇಂದ್ರವೊಂದರಲ್ಲಿ ನಕಲು ಚೀಟಿಯ ಸಂಶಯದಿಂದ ತೆಗೆದಿರಿಸಿದರು. ಯಾವ ಕೇಂದ್ರ, ಯಾರು ಎಂಬುದು ಇಲ್ಲಿ ಮುಖ್ಯವಲ್ಲ. ಗಣಿತದ ಉತ್ತರಪತ್ರಿಕೆಯ ಶಾಯಿ ಹರಡಿತು, ಎರಡು ಕಡೆ ಹಾಳೆ ಹರಿಯಿತು. ಲೆಕ್ಕದಲ್ಲಿ ಜಾಣ ಹುಡುಗ. ಪಾಸಾದ, ಆದರೆ ಡಿಪ್ಲೊಮಾಗೆ ಸೇರಲಿಲ್ಲ. ಕಾರಣ ಕೇಳಿದಾಗ ಅವನ ತಾಯಿ ಹೇಳಿದ್ದು: "ಅಲ್ಲಿ ಡ್ರಾಯಿಂಗ್ ಶೀಟು ಇದೆಯಂತೆ ಮಾಸ್ಟ್ರೇ, ಇವನ ಕೈ ಅದರ ಮೇಲೆ ಇಡುವ ಹಾಗಿಲ್ಲವಲ್ಲ." ಒಂದು ಚೌಕ ಬಟ್ಟೆ ಆ ಹುಡುಗನ ದಾರಿಯನ್ನು ಬದಲಿಸುತ್ತಿತ್ತು. ಬಿಡಿಸಿ ನೋಡಿ ಹಿಂದಕ್ಕೆ ಕೊಡಲು ಎಷ್ಟು ಹೊತ್ತು ಬೇಕಿತ್ತು?

ಇದು ಹೆದರಿಕೆಯಲ್ಲ, ಕೊಳಕಲ್ಲ, ಪಿತ್ತದ ಸೊಕ್ಕೂ ಅಲ್ಲ. ವೈದ್ಯರು ಇದನ್ನು ಹೈಪರ್‌ಹೈಡ್ರೋಸಿಸ್ ಎನ್ನುತ್ತಾರೆ. ಬೆವರಿನ ಗ್ರಂಥಿಗಳು ಎಲ್ಲರಲ್ಲಿ ಇರುವಂತೆಯೇ ಇರುತ್ತವೆ, ಅವುಗಳಿಗೆ ಆಜ್ಞೆ ಕೊಡುವ ನರಗಳು ಅತಿ ಉತ್ಸಾಹಿಗಳು, ಅಷ್ಟೆ. ಅಂಗೈ, ಅಂಗಾಲು, ಕಂಕುಳು, ಮುಖಗಳಲ್ಲಿ ಕಾಣಿಸುವ ಈ ಬಗೆ ಹೆಚ್ಚಾಗಿ ಬಾಲ್ಯದಲ್ಲೋ ಹರೆಯದಲ್ಲೋ ತೊಡಗುತ್ತದೆ. ಎಷ್ಟೋ ಮನೆತನಗಳಲ್ಲಿ ಪರಂಪರೆಯಿಂದ ಬರುತ್ತದೆ. (ನಮ್ಮ ಬಂಧುಗಳು ಇದನ್ನು ಓದುತ್ತಾ ತಮ್ಮ ತಮ್ಮ ಅಂಗೈ ನೋಡಿಕೊಳ್ಳುತ್ತಿರಬಹುದು!) ನಿದ್ರೆಯಲ್ಲಿ ಈ ಬೆವರು ಸಾಮಾನ್ಯವಾಗಿ ನಿಲ್ಲುತ್ತದೆ. ಸೆಕೆಯಿಲ್ಲದ ರಾತ್ರಿಯಲ್ಲೂ ಮೈ ತೋಯುವಂತೆ ಬೆವರಿದರೆ, ಇಲ್ಲವೇ ನಡುವಯಸ್ಸಿನಲ್ಲಿ ಇದ್ದಕ್ಕಿದ್ದಂತೆ ಬೆವರು ತೊಡಗಿದರೆ ಮಾತ್ರ ಕಷಾಯ ಕುಡಿಯುತ್ತಾ ಕೂರಬೇಡಿ. ಥೈರಾಯ್ಡ್, ಸಕ್ಕರೆ ಕಾಯಿಲೆ, ಕ್ಷಯ ಮೊದಲಾದವನ್ನು ಪರೀಕ್ಷಿಸಿಕೊಳ್ಳಬೇಕು. ಸೆಕೆಯನ್ನು ತಾಳಲಾರದವರಿಗೆ ಥೈರಾಯ್ಡ್ ಪರೀಕ್ಷೆ ಮುಖ್ಯ. ನಾನೂ ಮಾಡಿಸಿದೆ, ಏನೂ ಇರಲಿಲ್ಲ. ನಾನು ಹೀಗೆಯೇ ಹುಟ್ಟಿದವನು.

ಮಣಿಪಾಲದ ಗುಡ್ಡದ ಮೇಲೆ 1953ರಿಂದ ವೈದ್ಯಕೀಯ ಕಾಲೇಜು ಇದೆ. ಮೊಣಕಾಲಿಗೆ ಹೋಗುತ್ತೇವೆ, ಹೃದಯಕ್ಕೆ ಹೋಗುತ್ತೇವೆ. ಬೆವರಿಗೆಂದು ಚರ್ಮವೈದ್ಯರ ಬಾಗಿಲು ತಟ್ಟಿದವರು ನಿಮ್ಮಲ್ಲಿ ಎಷ್ಟು ಮಂದಿ? ರಾತ್ರಿ ಒಣ ಚರ್ಮಕ್ಕೆ ಹಚ್ಚುವ ಅಲ್ಯುಮಿನಿಯಂ ಕ್ಲೋರೈಡ್ ದ್ರಾವಣವಿದೆ. ನೀರಿನಲ್ಲಿ ಕೈಯಿಟ್ಟು ಅತಿ ಸಣ್ಣ ವಿದ್ಯುತ್ತನ್ನು ಹಾಯಿಸುವ ಚಿಕಿತ್ಸೆಯಿದೆ, ಕೆಲವು ತಿಂಗಳು ಫಲ ಕೊಡುವ ಬೊಟುಲಿನಂ ಚುಚ್ಚುಮದ್ದಿದೆ. ನರವನ್ನು ಕತ್ತರಿಸುವ ಶಸ್ತ್ರಚಿಕಿತ್ಸೆಯೂ ಇದೆ, ಆದರೆ ಅದರಿಂದ ಕೈ ಒಣಗಿ ಬೆನ್ನು, ಹೊಟ್ಟೆ ತೋಯುವುದುಂಟು, ಅವಸರ ಬೇಡ. ಮದುವೆಗೆ ಮುನ್ನ ಅಂಗೈ ಬೆವರನ್ನು ಮುಚ್ಚಿಡಲು ಹೆಣಗುವ ಹೆಣ್ಣುಮಕ್ಕಳಿಗೆ ಈ ಮಾತನ್ನು ದಯವಿಟ್ಟು ತಲುಪಿಸಿ.

"ಹಿಂದೆ ಇದೆಲ್ಲ ಇತ್ತೇ?" ಎಂದು ಕೇಳುವವರಿಗೆ: ಹಿಂದೆ ಮುರಕಲ್ಲಿನ ಗೋಡೆ, ಹೆಂಚಿನ ಮಾಡು, ಅದರ ಸಂದಿನಲ್ಲಿ ಬಿಸಿಗಾಳಿಗೆ ದಾರಿ ಇತ್ತು. ಈಗ ಹಗಲೆಲ್ಲ ಕಾದ ತಾರಸಿ ರಾತ್ರಿಯೆಲ್ಲ ಆ ಶಾಖವನ್ನು ಹಿಂದಕ್ಕೆ ಕೊಡುತ್ತದೆ. ಅದರ ಕೆಳಗೆ ನಲವತ್ತು ಮಕ್ಕಳ ತರಗತಿ, ಎರಡು ಫ್ಯಾನು, ಕರೆಂಟು ಹೋದರೆ ಅದೂ ಇಲ್ಲ. ಅದೇ ಶಾಲೆಯ ಆಫೀಸು ಕೋಣೆಯಲ್ಲಿ ಏರ್‌ಕಂಡಿಷನರ್ ಇರುತ್ತದೆ! "ಬೆವರು ಸುರಿಸಿ ದುಡಿದ ಮಹನೀಯರು" ಎಂದು ವಾರ್ಷಿಕೋತ್ಸವದಲ್ಲಿ ಶಾಲು ಹೊದಿಸುವವರೂ ಅಲ್ಲಿಯವರೇ.

ನಿಮ್ಮಲ್ಲಿ ಕೆಲವರು ಈಗ ಶಾಲೆಗಳ ಆಡಳಿತ ಮಂಡಳಿಗಳಲ್ಲಿದ್ದೀರಿ, ಕೆಲವರು ನನ್ನಂತೆಯೇ ಅಧ್ಯಾಪಕರಾಗಿದ್ದೀರಿ. ಟೈ ತೆಗೆಸಿ. ಶೂವಿನ ಬದಲು ಚಪ್ಪಲಿ, ಪಾಲಿಯೆಸ್ಟರ್ ಬದಲು ಹತ್ತಿ ಬಟ್ಟೆ ಮಾಡಿ. ಪರೀಕ್ಷಾ ಕೋಣೆಯಲ್ಲಿ ಬೆವರುವ ಮಗುವಿಗೆ ಫ್ಯಾನಿನ ಕೆಳಗಿನ ಜಾಗವನ್ನೂ, ಬಿಡಿಸಿ ನೋಡಿದ ಒಂದು ಕರವಸ್ತ್ರವನ್ನೂ ಕೊಡಿ. ಮುಂದಿನ ವರ್ಷದ ಸಮವಸ್ತ್ರಕ್ಕೆ ಅಂಗಡಿಯವರಿಗೆ ಆರ್ಡರು ಹೋಗುವುದು ಬೇಸಿಗೆ ರಜೆಯಲ್ಲಿ; ಮಾತನಾಡುವುದಿದ್ದರೆ ಅದಕ್ಕೆ ಮೊದಲೇ ಮಾತನಾಡಿ.