ಪಹಣಿಯ ಪುಟದ ಹಿಂದೆ

ಆನಂದಪುರ ಹೋಬಳಿಯ ಅಡಿಕೆ ಬೆಳೆಗಾರರೊಬ್ಬರು ಬೆಳೆಸಾಲ ಕೇಳಲು ಹೋದರೆ ಮೊದಲು ಬೇಕಾಗುವುದು ಪಹಣಿ. ಹಿಂದೆ ಅದನ್ನು ಗ್ರಾಮಲೆಕ್ಕಿಗರು ಕೈಯಲ್ಲಿ ಬರೆದುಕೊಡುತ್ತಿದ್ದರು. ಅವರು ಸಿಗದ ದಿನ ರೈತ ಬರಿಗೈಲಿ ಮರಳಬೇಕಿತ್ತು. 2000ದ ಸುಮಾರಿಗೆ ರಾಜ್ಯ ಸರ್ಕಾರದ ‘ಭೂಮಿ’ ಯೋಜನೆ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ಮೊದಲು ತಾಲ್ಲೂಕು ಕಚೇರಿಯಲ್ಲಿ ಸಿಗುತ್ತಿದ್ದ ಪಹಣಿಯನ್ನು ಇಂದು ಮನೆಯಿಂದಲೇ ಅಂತರಜಾಲದಲ್ಲಿ ನೋಡಬಹುದು. ಊರಿನ ಹೆಸರು, ಸರ್ವೆ ನಂಬರು ಕೊಟ್ಟರೆ ಸಾಕು.

ನೋಡುವವರಿಗೆ ಪಹಣಿ ಆ ಪುಟದೊಳಗೇ ಇದ್ದಂತೆ ಕಾಣುತ್ತದೆ. ವಾಸ್ತವವಾಗಿ ಇಂಥ ವ್ಯವಸ್ಥೆಗಳಲ್ಲಿ ಪುಟವೇ ಬೇರೆ, ಮಾಹಿತಿ ಇರುವ ಜಾಗವೇ ಬೇರೆ. ಕಚೇರಿಯ ಕೌಂಟರಿನಲ್ಲಿ ಕುಳಿತ ಗುಮಾಸ್ತರಂತೆ ಕೆಲಸ ಮಾಡುವುದು ಸರ್ವರಿನಲ್ಲಿರುವ ತಂತ್ರಾಂಶ. ಕಡತಗಳ ಕೋಣೆಯಂತಿರುವುದು ದತ್ತಸಂಚಯ, ಅಂದರೆ ಡೇಟಾಬೇಸ್. ಮಾಹಿತಿಯನ್ನು ಸಾಲು ಮತ್ತು ಕಂಬಗಳ ಕೋಷ್ಟಕಗಳಲ್ಲಿ ಇಟ್ಟು, ಒಂದಕ್ಕೊಂದು ಸಂಬಂಧ ಕಲ್ಪಿಸುವ ವಿಧಾನವನ್ನು 1970ರಲ್ಲಿ ಮುಂದಿಟ್ಟವರು ಐಬಿಎಂ ಸಂಸ್ಥೆಯ ಎಡ್ಗರ್ ಕಾಡ್. ಜಮೀನಿನದೊಂದು ಕೋಷ್ಟಕ, ಮಾಲೀಕರದೊಂದು ಕೋಷ್ಟಕ. ಎರಡನ್ನೂ ಜೋಡಿಸುವುದು ಸರ್ವೆ ನಂಬರು.

ಗುಮಾಸ್ತರು ಕೋಣೆಯ ಒಳಹೋಗಲು ಬೀಗದ ಕೈ ಬೇಕಲ್ಲವೇ? ಜಾಂಗೋ, ಲಾರಾವೆಲ್‌ನಂಥ ಚೌಕಟ್ಟುಗಳಲ್ಲಿ ಇದಕ್ಕಾಗಿ ಐದು ವಿವರ ಬರೆಯುತ್ತಾರೆ: ದತ್ತಸಂಚಯವಿರುವ ಕಂಪ್ಯೂಟರಿನ ವಿಳಾಸ, ಅದರ ಪೋರ್ಟ್ ಸಂಖ್ಯೆ, ದತ್ತಸಂಚಯದ ಹೆಸರು, ಬಳಕೆದಾರನ ಹೆಸರು, ಗುಪ್ತಪದ. ಪೋರ್ಟ್ ಸಂಖ್ಯೆ ಸಾಮಾನ್ಯವಾಗಿ ಮೈಎಸ್‌ಕ್ಯೂಎಲ್‌ಗೆ 3306, ಪೋಸ್ಟ್‌ಗ್ರೆಸ್‌ಗೆ 5432. ಪ್ರತಿ ಬಾರಿಯೂ ಹೊಸದಾಗಿ ಬಾಗಿಲು ತೆರೆಯಲು ಸಮಯ ಹಿಡಿಯುತ್ತದೆ. ಆದ್ದರಿಂದ ಕೆಲವು ಸಂಪರ್ಕಗಳನ್ನು ಮುಂಚೆಯೇ ತೆರೆದಿಟ್ಟು, ಒಬ್ಬರ ಕೆಲಸ ಮುಗಿದೊಡನೆ ಮತ್ತೊಬ್ಬರಿಗೆ ಕೊಡುವುದುಂಟು. ಪೋಸ್ಟ್‌ಗ್ರೆಸ್ ಸಾಮಾನ್ಯವಾಗಿ ಒಮ್ಮೆಗೆ 100 ಸಂಪರ್ಕಗಳನ್ನಷ್ಟೇ ಒಪ್ಪುತ್ತದೆ. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನದಂತೆ ಲಕ್ಷಾಂತರ ಮಂದಿ ಒಮ್ಮೆಲೇ ಮುಗಿಬಿದ್ದಾಗ ಈ ಸರದಿಯ ಏರ್ಪಾಡಿನ ಬೆಲೆ ತಿಳಿಯುತ್ತದೆ.

ಇಲ್ಲಿ ವಿದ್ಯಾರ್ಥಿಗಳು ಮುಖ್ಯವಾಗಿ ಗಮನಿಸಬೇಕಾದ ಸಂಗತಿಗಳು ಎರಡು.

ಮೊದಲನೆಯದು, ಜನ ಟೈಪು ಮಾಡಿದ್ದನ್ನು ಹಾಗೆಯೇ ದತ್ತಸಂಚಯಕ್ಕೆ ಕೊಡುವ ಆದೇಶದೊಳಗೆ ಸೇರಿಸಬಾರದು. ಸರ್ವೆ ನಂಬರು ಬರೆಯಬೇಕಾದ ಜಾಗದಲ್ಲಿ ಕಿಡಿಗೇಡಿಯೊಬ್ಬ ‘ಎಲ್ಲವನ್ನೂ ಅಳಿಸು’ ಎಂಬ ಆದೇಶವನ್ನೇ ಬರೆದರೆ ಯಂತ್ರ ಅದನ್ನೂ ಪಾಲಿಸೀತು! ಆದೇಶ ಬೇರೆ, ಅದರೊಳಗಿನ ಬೆಲೆ ಬೇರೆ ಎಂದು ಪ್ರತ್ಯೇಕವಾಗಿ ಕಳಿಸುವುದೇ ಇದಕ್ಕೆ ಮದ್ದು. ಜೊತೆಗೆ, ಪಹಣಿ ತೋರಿಸುವ ಪುಟಕ್ಕೆ ಓದುವ ಅಧಿಕಾರ ಸಾಕು, ತಿದ್ದುವ ಅಧಿಕಾರ ಬೇಡ.

ಎರಡನೆಯದು ಖಾತೆ ಬದಲಾವಣೆಗೆ ಸಂಬಂಧಿಸಿದ್ದು. ಅಪ್ಪನ ಹೆಸರು ತೆಗೆದು ಮಗಳ ಹೆಸರು ಸೇರಿಸುವಾಗ ನಡುವೆ ಕರೆಂಟು ಹೋಯಿತೆನ್ನಿ. ಮಲೆನಾಡಿನ ಮಳೆಗಾಲದಲ್ಲಿ ಅದೇನು ಹೊಸದಲ್ಲ. ಅಪ್ಪನ ಹೆಸರು ಅಳಿಸಿ, ಮಗಳ ಹೆಸರು ಬಾರದೇ ಹೋದರೆ ತೋಟ ಯಾರದು? ಇಂಥ ಅನಾಹುತ ತಪ್ಪಿಸಲು ಎರಡೂ ಹೆಜ್ಜೆಗಳನ್ನು ಒಂದೇ ವ್ಯವಹಾರವಾಗಿ ಕಟ್ಟಿಡುತ್ತಾರೆ. ಆದರೆ ಎರಡೂ ಆಗಬೇಕು. ಇಲ್ಲದಿದ್ದರೆ ಎಲ್ಲವೂ ಮೊದಲಿದ್ದಂತೆ ಉಳಿಯಬೇಕು.

ಕಾಲೇಜಿನ ಪ್ರಾಜೆಕ್ಟ್‌ನಲ್ಲಿ ಪುಟದ ಮೇಲೆ ಹೆಸರುಗಳ ಪಟ್ಟಿ ಮೂಡಿತೆಂದರೆ ಮಕ್ಕಳು ಹಿಗ್ಗುತ್ತಾರೆ, ಅದು ಸಹಜ. ಪೋಷಕರು ಆಗ ಒಂದು ಪ್ರಶ್ನೆ ಕೇಳಿದರೆ ಒಳ್ಳೆಯದು: “ಗುಪ್ತಪದ ಎಲ್ಲಿ ಬರೆದಿಟ್ಟೆ?” ಎಲ್ಲರೂ ನೋಡುವ ಪ್ರೋಗ್ರಾಮಿನೊಳಗೇ ಬರೆದಿಟ್ಟಿದ್ದರೆ ಬೀಗದ ಕೈಯನ್ನು ಬಾಗಿಲಿಗೇ ನೇತುಹಾಕಿದಂತೆ. ಅದನ್ನು ಬೇರೆಡೆ ಇಡುವ ಅಭ್ಯಾಸ ಕಲಿಯುವಾಗಲೇ ಬಂದರೆ, ನಾಳೆ ಯಾರದೋ ಜಮೀನಿನ ದಾಖಲೆ ಅದೇ ಹುಡುಗ ಅಥವಾ ಹುಡುಗಿಯ ಕೈಗೆ ಬಂದಾಗ ಅದು ಭದ್ರವಾಗಿರುತ್ತದೆ.