ನೆರೆಯ ಅಂತರ್ಯುದ್ಧಕ್ಕೆ ನಮ್ಮ ಸೇನೆ: ಸರಿಯೇ, ತಪ್ಪೇ?

1987ರ ಜುಲೈ 29ರಂದು ಕೊಲಂಬೊದಲ್ಲಿ ಪ್ರಧಾನಿ ರಾಜೀವ್ ಗಾಂಧಿ ಮತ್ತು ಶ್ರೀಲಂಕಾ ಅಧ್ಯಕ್ಷ ಜೆ.ಆರ್. ಜಯವರ್ಧನೆ ಒಪ್ಪಂದಕ್ಕೆ ಸಹಿ ಹಾಕಿದರು. ಮರುದಿನವೇ ಭಾರತದ ಯೋಧರು ಜಾಫ್ನಾ ಬಳಿಯ ಪಲಾಲಿ ವಿಮಾನ ನೆಲೆಯಲ್ಲಿ ಇಳಿಯತೊಡಗಿದರು. ಶ್ರೀಲಂಕಾ ಸೇನೆ ಮತ್ತು ತಮಿಳು ಬಂಡುಕೋರರ ನಡುವೆ ನಿಂತು ಕದನವಿರಾಮ ಕಾಯುವುದು, ಬಂಡುಕೋರರಿಂದ ಶಸ್ತ್ರಾಸ್ತ್ರ ಇಳಿಸಿಕೊಳ್ಳುವುದು ಅವರ ಕೆಲಸವಾಗಿತ್ತು. ಅಕ್ಟೋಬರ್ ಎರಡನೇ ವಾರದ ಹೊತ್ತಿಗೆ ಅದೇ ಶಾಂತಿಪಾಲನಾ ಪಡೆ ಜಾಫ್ನಾದ ಬೀದಿಗಳಲ್ಲಿ ಬಂಡುಕೋರರ ಮುಖ್ಯ ಸಂಘಟನೆ ಎಲ್‌ಟಿಟಿಇ ಜೊತೆ ಪೂರ್ಣ ಪ್ರಮಾಣದ ಯುದ್ಧಕ್ಕಿಳಿದಿತ್ತು. 1990ರ ಮಾರ್ಚ್ 24ರಂದು ಕೊನೆಯ ತುಕಡಿ ಟ್ರಿಂಕೋಮಲಿಯಲ್ಲಿ ಹಡಗು ಹತ್ತುವಷ್ಟರಲ್ಲಿ ಸುಮಾರು 1,200 ಭಾರತೀಯ ಯೋಧರು ಪ್ರಾಣ ತೆತ್ತಿದ್ದರು.

ಒಂದು ದೇಶ ತನ್ನೊಳಗೇ ಕಾದಾಡುತ್ತಿರುವಾಗ ಹೊರಗಿನ ಸೇನೆ ಅಲ್ಲಿ ಕಾಲಿಡಬಹುದೇ ಎಂಬ ಪ್ರಶ್ನೆ ಲಿಬಿಯಾ, ಸಿರಿಯಾ, ಯೆಮನ್‌ಗಳ ವಿಷಯದಲ್ಲೂ ಎದ್ದಿದೆ. ನಾವೇ ಸೇನೆ ಕಳುಹಿಸಿ, ನಾವೇ ಬೆಲೆ ತೆತ್ತ ಪ್ರಕರಣವನ್ನು ಮುಂದಿಟ್ಟುಕೊಂಡು ಎರಡು ವಾದಗಳು ಇಲ್ಲಿವೆ.

ಪರ
ಕೈಕಟ್ಟಿ ಕೂರುವುದಕ್ಕೂ ಬೆಲೆಯಿದೆ

ಅದು ಶ್ರೀಲಂಕಾದ ಆಂತರಿಕ ವಿಷಯ, ನಮಗೇಕೆ ಎನ್ನುವವರು 1983ರ ಜುಲೈ ತಿಂಗಳನ್ನು ನೋಡಬೇಕು. ಜಾಫ್ನಾದಲ್ಲಿ ಎಲ್‌ಟಿಟಿಇ ಹೊಂಚುಹಾಕಿ 13 ಸೈನಿಕರನ್ನು ಕೊಂದಿತು. ಅದರ ಸೇಡನ್ನು ಕೊಲಂಬೊದ ಸಾಮಾನ್ಯ ತಮಿಳರ ಮೇಲೆ ತೀರಿಸಿಕೊಳ್ಳಲಾಯಿತು. ಮನೆ, ಅಂಗಡಿಗಳು ಸುಟ್ಟವು; ಸರ್ಕಾರದ ಕಾವಲಿನಲ್ಲಿದ್ದ ವೆಲಿಕಡ ಜೈಲಿನೊಳಗೇ 53 ತಮಿಳು ಕೈದಿಗಳ ಕೊಲೆಯಾಯಿತು. ಮುಂದಿನ ನಾಲ್ಕು ವರ್ಷಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ಪಾಕ್ ಜಲಸಂಧಿ ದಾಟಿ ತಮಿಳುನಾಡಿಗೆ ಬಂದರು. ನಿರಾಶ್ರಿತರು ನಮ್ಮ ದಡಕ್ಕೆ ಬಂದು ಸೇರಿದ ಮೇಲೆ ಆ ಯುದ್ಧ ಬರೀ ಅವರದಾಗಿ ಉಳಿಯಲಿಲ್ಲ.

1987ರ ಆರಂಭದಲ್ಲಿ ಕೊಲಂಬೊ ಜಾಫ್ನಾಕ್ಕೆ ಇಂಧನ ಮತ್ತು ಇತರ ಸಾಮಗ್ರಿಗಳ ಸರಬರಾಜನ್ನು ತಡೆಯಿತು. ಮೇ ತಿಂಗಳಲ್ಲಿ ವಡಮರಾಚ್ಚಿ ಪ್ರದೇಶದ ಮೇಲೆ ದೊಡ್ಡ ಸೇನಾ ಕಾರ್ಯಾಚರಣೆ ಶುರುವಾಯಿತು. ಭಾರತ ಮೊದಲು ಆಹಾರ, ಔಷಧ ತುಂಬಿದ ದೋಣಿಗಳನ್ನು ಕಳುಹಿಸಿತು. ಶ್ರೀಲಂಕಾ ನೌಕಾಪಡೆ ಅವುಗಳನ್ನು ವಾಪಸ್ ಅಟ್ಟಿತು. ಜೂನ್ 4ರಂದು ಬೆಂಗಳೂರಿನಿಂದ ಹಾರಿದ ಐದು ಎಎನ್-32 ವಿಮಾನಗಳು, ಮಿರಾಜ್ ಯುದ್ಧವಿಮಾನಗಳ ಬೆಂಗಾವಲಿನಲ್ಲಿ, ಜಾಫ್ನಾದ ಮೇಲೆ ಸುಮಾರು 25 ಟನ್ ಸಾಮಗ್ರಿ ಉದುರಿಸಿದವು. ಜಾಫ್ನಾದ ಹಸಿವು ಅಷ್ಟರಿಂದ ತೀರುವಂಥದ್ದಲ್ಲ. ಆದರೆ ಸೇನಾ ಕಾರ್ಯಾಚರಣೆ ಅಲ್ಲಿಗೆ ನಿಂತಿತು, ಎಂಟು ವಾರಗಳೊಳಗೆ ಮಾತುಕತೆ ಒಪ್ಪಂದವಾಗಿ ಮುಗಿಯಿತು. ಶಕ್ತಿ ತೋರಿಸದೇ ಹೋಗಿದ್ದರೆ ಜಯವರ್ಧನೆ ಮೇಜಿಗೆ ಬರುತ್ತಿದ್ದರೇ?

ಕಾನೂನಿನ ಪ್ರಶ್ನೆಯನ್ನೂ ನೋಡೋಣ. ಶಾಂತಿಪಾಲನಾ ಪಡೆ ಹೋದದ್ದು ಚುನಾಯಿತ ಸರ್ಕಾರದ ಕೋರಿಕೆಯ ಮೇಲೆ, ಲಿಖಿತ ಒಪ್ಪಂದದ ಆಧಾರದಲ್ಲಿ. ಇದನ್ನು 2003ರ ಇರಾಕ್ ದಾಳಿಯ ಸಾಲಿನಲ್ಲಿ ನಿಲ್ಲಿಸುವುದು ಅನ್ಯಾಯ. ದ್ವೀಪದೊಳಗೆ ಹೊರಗಿನವರು ಆಗಲೇ ಇದ್ದರು ಕೂಡ: ಬ್ರಿಟನ್ನಿನ ಬಾಡಿಗೆ ತರಬೇತುದಾರರು, ಇಸ್ರೇಲಿನ ಗುಪ್ತಚರ ಸಲಹೆಗಾರರು, ಪಾಕಿಸ್ತಾನದ ಶಸ್ತ್ರಾಸ್ತ್ರ ನೆರವು. ಭಾರತ ಹೊರಗುಳಿದಿದ್ದರೆ ಆ ಯುದ್ಧದಲ್ಲಿ ಹೊರಗಿನವರ ಕೈವಾಡ ನಿಲ್ಲುತ್ತಿರಲಿಲ್ಲ, ಭಾರತದ ಮಾತು ಮಾತ್ರ ನಿಲ್ಲುತ್ತಿತ್ತು.

ಎರಡು ಬಣಗಳ ನಡುವೆ ಸೇನೆ ನಿಲ್ಲುವುದು ಹುಚ್ಚು ಕಲ್ಪನೆಯೂ ಅಲ್ಲ. ಕೊರಿಯಾ ಯುದ್ಧದ ಕೈದಿಗಳ ಹಸ್ತಾಂತರದ ತಟಸ್ಥ ಆಯೋಗಕ್ಕೆ ಅಧ್ಯಕ್ಷರಾಗಿದ್ದವರು ನಮ್ಮ ಕೊಡಗಿನ ಜನರಲ್ ಕೆ.ಎಸ್. ತಿಮ್ಮಯ್ಯ. ಗ್ರೀಕರು ಮತ್ತು ತುರ್ಕರು ಬಡಿದಾಡುತ್ತಿದ್ದ ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಪಡೆಯ ಮುಖ್ಯಸ್ಥರಾಗಿದ್ದಾಗಲೇ, 1965ರಲ್ಲಿ, ಅವರು ತೀರಿಕೊಂಡರು. ಆ ಪಡೆ ಹೋದದ್ದು ಅಂತರ್ಯುದ್ಧ ಹತ್ತಿಕೊಂಡ ನೆಲಕ್ಕೇ.

ಹಾಗಾದರೆ ಜಾಫ್ನಾದಲ್ಲಿ ಎಡವಿದ್ದೆಲ್ಲಿ? ಎಡವಿದ್ದು ಹೋದದ್ದರಲ್ಲಲ್ಲ, ಹೋದ ರೀತಿಯಲ್ಲಿ. ಎಲ್‌ಟಿಟಿಇ ಒಂದಿಷ್ಟು ಬಂದೂಕು ಒಪ್ಪಿಸಿ ಉಳಿದದ್ದನ್ನು ಬಚ್ಚಿಟ್ಟಿತು. ಅಕ್ಟೋಬರ್ 5ರಂದು, ಕೊಲಂಬೊಗೆ ಒಯ್ಯಲು ಸಿದ್ಧತೆ ನಡೆದಿದ್ದ ಎಲ್‌ಟಿಟಿಇ ಬಂಧಿತರು ಪಲಾಲಿಯಲ್ಲಿ ಸೈನೈಡ್ ನುಂಗಿದರು. 12 ಮಂದಿ ಸತ್ತರು. ಅದರ ಬೆನ್ನಿಗೇ ಪೂರ್ವ ಪ್ರಾಂತ್ಯದ ಸಿಂಹಳ ನಾಗರಿಕರ ಮೇಲೆ ಹತ್ಯಾಕಾಂಡಗಳು ನಡೆದವು. ಒಪ್ಪಂದಕ್ಕೆ ಜಾಮೀನು ನಿಂತವರು ಆ ಹೊತ್ತಿನಲ್ಲಿ ಗಂಟುಮೂಟೆ ಕಟ್ಟಿದ್ದರೆ ಜಗತ್ತು ಅದನ್ನು ಶಾಂತಿಪ್ರಿಯತೆ ಎನ್ನುತ್ತಿರಲಿಲ್ಲ, ಪಲಾಯನ ಎನ್ನುತ್ತಿತ್ತು.

ಇನ್ನು ಉಳಿದದ್ದೇನು? ಶ್ರೀಲಂಕಾ ಸಂವಿಧಾನದ 13ನೇ ತಿದ್ದುಪಡಿ. ತಮಿಳಿಗೂ ಅಧಿಕೃತ ಭಾಷೆಯ ಸ್ಥಾನ, ಪ್ರಾಂತ್ಯಗಳಿಗೆ ಚುನಾಯಿತ ಮಂಡಳಿ ಬಂದದ್ದು ಆ ತಿದ್ದುಪಡಿಯಿಂದ, ಅದು ಬಂದದ್ದು ಈ ಒಪ್ಪಂದದಿಂದ. 1956ರ ‘ಸಿಂಹಳ ಮಾತ್ರ’ ಕಾಯ್ದೆಯಿಂದ ಆ ಹಂತಕ್ಕೆ ಬರಲು ಮೂರು ದಶಕ ಬೇಕಾಯಿತು. ತಮಿಳು ಪಕ್ಷಗಳು ಇವತ್ತಿಗೂ ಕೊಲಂಬೊ ಜೊತೆ ಚೌಕಾಸಿ ಮಾಡುವಾಗ ಕೈಯಲ್ಲಿರುವ ಕಾಗದ ಅದೊಂದೇ.

ಕೊನೆಗೆ 2009, ಶ್ರೀಲಂಕಾ ಯುದ್ಧದ ಅಂತಿಮ ವರ್ಷ. ಆ ವರ್ಷ ಯಾವ ಹೊರಗಿನ ಸೇನೆಯೂ ನಡುವೆ ನಿಲ್ಲಲಿಲ್ಲ. ದಾಳಿ ಇಲ್ಲ ಎಂದು ಸರ್ಕಾರವೇ ಘೋಷಿಸಿದ್ದ ವಲಯಗಳ ಮೇಲೆ ಶೆಲ್ ಬಿದ್ದವು. ಎಲ್‌ಟಿಟಿಇ ಜನರನ್ನೇ ಗುರಾಣಿ ಮಾಡಿಕೊಂಡಿತು. ಕೊನೆಯ ತಿಂಗಳುಗಳಲ್ಲಿ 40,000 ನಾಗರಿಕರವರೆಗೆ ಸತ್ತಿರಬಹುದೆಂದು ವಿಶ್ವಸಂಸ್ಥೆಯ ತಜ್ಞರ ಸಮಿತಿ 2011ರಲ್ಲಿ ಹೇಳಿತು. ರುವಾಂಡಾದಲ್ಲಿ 1994ರಲ್ಲಿ ಇದ್ದ ಶಾಂತಿಪಡೆಯನ್ನೂ ಕಡಿತ ಮಾಡಿ ಸುಮಾರು 270 ಜನಕ್ಕೆ ಇಳಿಸಲಾಗಿತ್ತು. ನೂರು ದಿನಗಳಲ್ಲಿ ಸುಮಾರು ಎಂಟು ಲಕ್ಷ ಜನರ ಕೊಲೆಯಾಯಿತು. ಹಸ್ತಕ್ಷೇಪದಿಂದ ಸತ್ತವರನ್ನು ಲೆಕ್ಕ ಹಾಕುವವರು ಹಸ್ತಕ್ಷೇಪವಿಲ್ಲದೆ ಸತ್ತವರನ್ನೂ ಅದೇ ಪುಸ್ತಕದಲ್ಲಿ ಬರೆಯಬೇಕು.

ವಿರೋಧ
ಪಂಚಾಯ್ತಿಗೆ ಹೋದವರು ಕಕ್ಷಿದಾರರಾದರು

ತಿಮ್ಮಯ್ಯನವರ ಹೆಸರು ಇಲ್ಲಿ ಸಲ್ಲದು. ಕೊರಿಯಾದಲ್ಲಾಗಲಿ, ಸೈಪ್ರಸ್‌ನಲ್ಲಾಗಲಿ ಭಾರತ ಯಾವ ಬಣಕ್ಕೂ ಬಂದೂಕು ಕೊಟ್ಟಿರಲಿಲ್ಲ. ಶ್ರೀಲಂಕಾದಲ್ಲಿ ಕೊಟ್ಟಿತ್ತು. 1983ರ ನಂತರ ಎಲ್‌ಟಿಟಿಇ, ಟೆಲೊ, ಇಪಿಆರ್‌ಎಲ್‌ಎಫ್ ಮುಂತಾದ ಗುಂಪುಗಳಿಗೆ ನಮ್ಮ ನೆಲದಲ್ಲೇ, ನಮ್ಮ ಗುಪ್ತಚರ ಸಂಸ್ಥೆಯ ಉಸ್ತುವಾರಿಯಲ್ಲೇ ತರಬೇತಿ ನಡೆಯಿತು. ನಾಲ್ಕು ವರ್ಷ ಒಂದು ಕಡೆಯವರಿಗೆ ಶಸ್ತ್ರ ಕೊಟ್ಟು, ಐದನೇ ವರ್ಷ ಇಬ್ಬರ ನಡುವೆ ತಟಸ್ಥರಾಗಿ ನಿಲ್ಲುತ್ತೇವೆಂದರೆ ನಂಬುವವರು ಯಾರು? ಸಿಂಹಳೀಯರು ನಂಬಲಿಲ್ಲ. ಶಸ್ತ್ರ ಪಡೆದವರಿಗೂ ದೆಹಲಿಯ ಮೇಲೆ ವಿಶ್ವಾಸವಿರಲಿಲ್ಲ.

ಒಪ್ಪಂದದ ಹಾಳೆಯನ್ನೇ ನೋಡಿ. ಸಹಿ ಹಾಕಿದವರು ಎರಡು ಸರ್ಕಾರಗಳ ಮುಖ್ಯಸ್ಥರು. ನಿಜವಾಗಿ ಕಾದಾಡುತ್ತಿದ್ದ ಎಲ್‌ಟಿಟಿಇಯ ಸಹಿ ಅದರಲ್ಲಿ ಇಲ್ಲ. ಆ ಸಂಘಟನೆಯ ನಾಯಕ ಪ್ರಭಾಕರನ್ ಅವರನ್ನು ದೆಹಲಿಗೆ ಕರೆತಂದು ಅಶೋಕ ಹೋಟೆಲಿನಲ್ಲಿ ಕಾವಲಿಟ್ಟು ಕೂರಿಸಲಾಗಿತ್ತು; ಒಪ್ಪಂದವನ್ನು ಅವರ ಮೇಲೆ ಹೇರಲಾಯಿತು. ಅತ್ತ ಶ್ರೀಲಂಕಾ ಪ್ರಧಾನಿ ಪ್ರೇಮದಾಸ ಸಹಿ ಸಮಾರಂಭದಿಂದಲೇ ದೂರ ಉಳಿದರು. ಮರುದಿನ ಗೌರವವಂದನೆ ಸ್ವೀಕರಿಸುತ್ತಿದ್ದ ರಾಜೀವ್ ಗಾಂಧಿಯವರ ಮೇಲೆ ಸಾಲಿನಲ್ಲಿದ್ದ ನಾವಿಕನೊಬ್ಬ ಬಂದೂಕಿನ ಹಿಡಿಯನ್ನೇ ಬೀಸಿದ. ಚುನಾಯಿತ ಸರ್ಕಾರದ ಕೋರಿಕೆ ಎಂಬ ವಾದಕ್ಕೆ ಇದಕ್ಕಿಂತ ಬೇರೆ ಉತ್ತರ ಬೇಕೇ? ವಿಮಾನದಿಂದ ಅಕ್ಕಿಮೂಟೆ ಉದುರಿಸಿ ಬೆದರಿಸಿದ ಎಂಟು ವಾರಗಳಲ್ಲಿ ಬಂದ ಕೋರಿಕೆ ಅದು. ಜಯವರ್ಧನೆ ಅದರಲ್ಲೂ ಲಾಭ ಮಾಡಿಕೊಂಡರು: ಉತ್ತರದಲ್ಲಿ ಎಲ್‌ಟಿಟಿಇಯನ್ನು ಎದುರಿಸುವ ಹೊಣೆ ಭಾರತದ ಹೆಗಲೇರಿತು, ತಮ್ಮ ಸೈನಿಕರನ್ನು ಅವರು ದಕ್ಷಿಣದ ಸಿಂಹಳ ಸಂಘಟನೆ ಜೆವಿಪಿಯ ಬಂಡಾಯ ಹತ್ತಿಕ್ಕಲು ಬಳಸಿಕೊಂಡರು.

ಹೋದದ್ದು ಸರಿ, ಹೋದ ರೀತಿ ತಪ್ಪು ಎನ್ನುವವರಿಗೆ ಒಂದು ರಾತ್ರಿಯ ಕಥೆ ಸಾಕು. ಅಕ್ಟೋಬರ್ 11ರ ರಾತ್ರಿ ಎಲ್‌ಟಿಟಿಇ ನಾಯಕರನ್ನು ಹಿಡಿಯಲೆಂದು ಜಾಫ್ನಾ ವಿಶ್ವವಿದ್ಯಾಲಯದ ಮೈದಾನಕ್ಕೆ ಹೆಲಿಕಾಪ್ಟರ್‌ಗಳಿಂದ ಸೈನಿಕರನ್ನು ಇಳಿಸಲಾಯಿತು. ಎಲ್‌ಟಿಟಿಇಯವರಿಗೆ ಸುಳಿವು ಮೊದಲೇ ಸಿಕ್ಕಿತ್ತು. ಸುತ್ತಲಿನ ಕಟ್ಟಡಗಳಲ್ಲಿ ಮೆಷಿನ್‌ಗನ್ ಹೂಡಿ ಕಾದಿದ್ದರು. ಮೊದಲು ಕಮಾಂಡೊಗಳು ಇಳಿದರು, ಅವರ ಹಿಂದೆ 13ನೇ ಸಿಖ್ ಲೈಟ್ ಇನ್‌ಫೆಂಟ್ರಿಯ 30 ಜನ. ಗುಂಡಿನ ಮಳೆಯಲ್ಲಿ ಹೆಲಿಕಾಪ್ಟರ್‌ಗಳಿಗೆ ಮತ್ತೆ ಬರಲಾಗಲಿಲ್ಲ, ಹೆಚ್ಚುವರಿ ಪಡೆ ಇಳಿಯಲಿಲ್ಲ. ಆ 30 ಜನರಲ್ಲಿ 29 ಮಂದಿ ಅಲ್ಲೇ ಸತ್ತರು, ಒಬ್ಬ ಸೆರೆಯಾದ. ಎರಡೂವರೆ ತಿಂಗಳ ಹಿಂದೆ ಶಸ್ತ್ರ ಇಳಿಸಿಕೊಳ್ಳಲು ಬಂದ ಸೈನ್ಯ ಅದು. ಯಾವ ಊರು, ಯಾವ ಗಲ್ಲಿ, ಯಾರು ಶತ್ರು, ಯಾರು ಸಾಮಾನ್ಯ ಎಂದು ಅದಕ್ಕೆ ತಿಳಿದಿರಲಿಲ್ಲ. ತಿಳಿಯುವುದು ಸಾಧ್ಯವೂ ಇರಲಿಲ್ಲ. ಅಂತರ್ಯುದ್ಧದಲ್ಲಿ ಹೊರಗಿನ ಸೈನ್ಯದ ಸ್ಥಿತಿಯೇ ಅದು. ಯೋಜನೆ ತಿದ್ದಿದರೆ ಹೋಗುವ ದೋಷವಲ್ಲ.

ಅಲ್ಲಿಂದ ಬೆಲೆ ತೆತ್ತವರು ಯಾರನ್ನು ಕಾಯಲು ಹೋದೆವೋ ಅದೇ ಜನ. ಅಕ್ಟೋಬರ್ 21 ಮತ್ತು 22ರಂದು ಜಾಫ್ನಾ ಆಸ್ಪತ್ರೆಯೊಳಗೆ ನುಗ್ಗಿದ ಭಾರತೀಯ ಪಡೆಯ ಗುಂಡಿಗೆ ರೋಗಿಗಳು, ವೈದ್ಯರು, ದಾದಿಯರು ಸೇರಿ ಅರವತ್ತಕ್ಕೂ ಹೆಚ್ಚು ಜನ ಬಲಿಯಾದರು. 1989ರ ಆಗಸ್ಟ್‌ನಲ್ಲಿ ವಲ್ವೆಟ್ಟಿತುರೈನಲ್ಲಿ ಮತ್ತೆ ಐವತ್ತಕ್ಕೂ ಹೆಚ್ಚು ನಾಗರಿಕರು ಸತ್ತರು. ಜೂನ್ ತಿಂಗಳಲ್ಲಿ ಯಾವ ಊರಿಗೆ ಆಕಾಶದಿಂದ ಅನ್ನ ಹಾಕಿದೆವೋ, ಅಕ್ಟೋಬರ್‌ನಲ್ಲಿ ಅದೇ ಊರಿನ ಮೇಲೆ ಫಿರಂಗಿ ಹಾರಿಸಿದೆವು.

ಹೊರಗಿನ ಸೈನ್ಯ ಬಂದರೆ ಒಳಗಿನ ಶತ್ರುಗಳು ಕೂಡ ಕೈಜೋಡಿಸುತ್ತಾರೆ ಎಂಬುದಕ್ಕೂ ಶ್ರೀಲಂಕಾವೇ ಸಾಕ್ಷಿ. 1989ರ ಜನವರಿಯಲ್ಲಿ ಅಧ್ಯಕ್ಷರಾದ ಪ್ರೇಮದಾಸ, ಜುಲೈ 29ರೊಳಗೆ ಭಾರತ ತೊಲಗಬೇಕು ಎಂದು ಗಡುವು ಕೊಟ್ಟರು. ಅಷ್ಟೇ ಅಲ್ಲ, ಭಾರತದ ಪಡೆಯ ವಿರುದ್ಧ ಬಳಸಲು ಎಲ್‌ಟಿಟಿಇಗೇ ಶಸ್ತ್ರ ಕೊಟ್ಟರು. ಕರೆದ ಸರ್ಕಾರ ಮತ್ತು ಕಾದಾಡುತ್ತಿದ್ದ ಬಂಡುಕೋರರು ಒಂದಾಗಿ ನಮ್ಮ ಯೋಧರ ಎದುರು ನಿಂತರು. ದಕ್ಷಿಣದಲ್ಲಿ ಭಾರತ ವಿರೋಧವನ್ನೇ ಬಂಡವಾಳ ಮಾಡಿಕೊಂಡ ಜೆವಿಪಿ ಬಂಡಾಯ, ಅದನ್ನು ಹತ್ತಿಕ್ಕಿದ ಸರ್ಕಾರಿ ಹಿಂಸೆ ಸೇರಿ ಹತ್ತಾರು ಸಾವಿರ ಸಿಂಹಳ ಯುವಕರನ್ನು ನುಂಗಿದವು. ಒಂದು ಯುದ್ಧ ನಿಲ್ಲಿಸಲು ಹೋದವರು ಇನ್ನೊಂದಕ್ಕೆ ತುಪ್ಪ ಸುರಿದಿದ್ದರು.

ನಮ್ಮನ್ನು ನಂಬಿದವರ ಗತಿ ಏನಾಯಿತು? 1988ರ ನವೆಂಬರ್‌ನಲ್ಲಿ ನಮ್ಮ ಪಡೆಯ ಕಾವಲಿನಲ್ಲಿ ಈಶಾನ್ಯ ಪ್ರಾಂತ್ಯದ ಚುನಾವಣೆ ನಡೆಯಿತು, ವರದರಾಜ ಪೆರುಮಾಳ್ ಮುಖ್ಯಮಂತ್ರಿಯಾದರು. ನಮ್ಮ ಸೈನ್ಯ ಹಡಗು ಹತ್ತುತ್ತಿದ್ದಂತೆ ಆ ಸರ್ಕಾರ ಕುಸಿಯಿತು, ಅವರು ಭಾರತಕ್ಕೆ ಓಡಿಬಂದರು. ಅವರ ಪಕ್ಷ ಇಪಿಆರ್‌ಎಲ್‌ಎಫ್‌ನ ನಾಯಕ ಪದ್ಮನಾಭ ಅವರನ್ನು 1990ರ ಜೂನ್‌ನಲ್ಲಿ ಎಲ್‌ಟಿಟಿಇ ಮದ್ರಾಸಿನಲ್ಲೇ ಕೊಂದಿತು. 1991ರ ಮೇ 21ರಂದು ಶ್ರೀಪೆರಂಬುದೂರಿನಲ್ಲಿ ರಾಜೀವ್ ಗಾಂಧಿಯವರ ಹತ್ಯೆಯಾಯಿತು. ಆ ಸಂಚಿನಲ್ಲಿದ್ದ ಶಿವರಾಸನ್ ಮತ್ತು ಸಂಗಡಿಗರು ಆಗಸ್ಟ್‌ನಲ್ಲಿ ಬೆಂಗಳೂರಿನ ಕೋಣನಕುಂಟೆಯ ಬಾಡಿಗೆ ಮನೆಯಲ್ಲಿ ಸುತ್ತುವರಿಯಲ್ಪಟ್ಟು ಪ್ರಾಣ ಕಳೆದುಕೊಂಡರು. ಜಾಫ್ನಾದ ಯುದ್ಧ ನಮ್ಮ ಊರಿನ ಬಡಾವಣೆಯೊಳಗೆ ಬಂದು ನಿಂತಿತ್ತು.

13ನೇ ತಿದ್ದುಪಡಿ ಉಳಿಯಿತು ಎನ್ನುತ್ತಾರೆ. ಒಪ್ಪಂದದ ಜೀವವೇ ಆಗಿದ್ದ ಉತ್ತರ ಮತ್ತು ಪೂರ್ವ ಪ್ರಾಂತ್ಯಗಳ ವಿಲೀನವನ್ನು ಶ್ರೀಲಂಕಾದ ಸುಪ್ರೀಂ ಕೋರ್ಟ್ 2006ರಲ್ಲಿ ರದ್ದು ಮಾಡಿತು. ಭೂಮಿ ಮತ್ತು ಪೊಲೀಸ್ ಅಧಿಕಾರ ಪ್ರಾಂತ್ಯಗಳ ಕೈಗೆ ಪೂರ್ತಿ ಸಿಗಲೇ ಇಲ್ಲ. ಬಂದೂಕಿನ ನೆರಳಿನಲ್ಲಿ ಬರೆಸಿದ ಕಾನೂನಿಗೆ ಆ ದೇಶದ ಬಹುಸಂಖ್ಯಾತರ ಮನಸ್ಸಿನ ಒಪ್ಪಿಗೆ ಇರುವುದಿಲ್ಲ. ಅದು ಕಾಗದದಲ್ಲೇ ಉಳಿಯುತ್ತದೆ.

2009ರ ಮಾತಿಗೆ ಬರೋಣ. ಆ ವರ್ಷ ಭಾರತ ಏಕೆ ಕೈಕಟ್ಟಿ ಕೂತಿತು? 1987ರಲ್ಲಿ ಕೈ ಸುಟ್ಟುಕೊಂಡಿದ್ದರಿಂದ. ಪ್ರಭಾಕರನ್ ನಮ್ಮ ಮಾಜಿ ಪ್ರಧಾನಿಯ ಹತ್ಯೆಯ ಆರೋಪಿಯಾಗಿದ್ದ; ಕದನವಿರಾಮದ ಮಾತೆತ್ತಿದರೆ ಆತನನ್ನು ಉಳಿಸಲು ಹೊರಟಂತೆ ಕಾಣುತ್ತಿತ್ತು. ಸೈನ್ಯ ಕಳುಹಿಸದೇ ಇದ್ದಿದ್ದರೆ, ತಮಿಳು ನಾಗರಿಕರ ಪರವಾಗಿ ನಿಂತು ಮಾತಾಡುವ ಶಕ್ತಿ ನಮಗೆ 2009ರಲ್ಲಿ ಉಳಿದಿರುತ್ತಿತ್ತು. ಅಂದರೆ ಪರ ವಾದಿಗಳು ತೋರಿಸುವ ಆ ಹೆಣಗಳ ಹಿಂದೆಯೂ ಹಳೆಯ ಹಸ್ತಕ್ಷೇಪದ ಪಾಲಿದೆ.

ಸೈನ್ಯ ಕಳುಹಿಸುವುದು ಅಥವಾ ಸುಮ್ಮನಿರುವುದು, ಈ ಎರಡೇ ದಾರಿ ಇದ್ದವು ಎಂಬುದೂ ಸುಳ್ಳು. ನಿರಾಶ್ರಿತರಿಗೆ ನೆಲೆ, ಆಹಾರದ ಹಡಗು, ಕೊಲಂಬೊ ಮೇಲೆ ರಾಜತಾಂತ್ರಿಕ ಒತ್ತಡ, ಜೊತೆಗೆ ನಮ್ಮ ನೆಲದಲ್ಲಿದ್ದ ತರಬೇತಿ ಶಿಬಿರಗಳಿಗೆ ಬೀಗ: ಇವಿಷ್ಟನ್ನೂ ಒಟ್ಟಿಗೆ ಮಾಡಬಹುದಿತ್ತು. 1971ರ ಬಾಂಗ್ಲಾದೇಶದ ಗೆಲುವು ಕಣ್ಣ ಮುಂದಿತ್ತು ನಿಜ. ಆದರೆ ಅಲ್ಲಿ ಚುನಾವಣೆ ಗೆದ್ದಿದ್ದ ನಾಯಕತ್ವವಿತ್ತು, ನಮ್ಮ ಸೈನ್ಯವನ್ನು ಬಯಸಿದ ಜನರಿದ್ದರು, ಎರಡು ವಾರದಲ್ಲಿ ಯುದ್ಧ ಮುಗಿದು 1972ರ ಮಾರ್ಚ್ ಹೊತ್ತಿಗೆ ನಮ್ಮವರು ವಾಪಸ್ ಬಂದಿದ್ದರು. ಜಾಫ್ನಾಕ್ಕೆ ಹೊರಟಾಗ ಇವ್ಯಾವುವೂ ಇರಲಿಲ್ಲ. ಎಲ್‌ಟಿಟಿಇ ಒಪ್ಪದಿದ್ದರೆ ಏನು ಮಾಡುವುದು, ಯಾವಾಗ ಹಿಂದಿರುಗುವುದು ಎಂಬ ಪ್ರಶ್ನೆಗಳಿಗೆ ದೆಹಲಿಯಲ್ಲಿ ಉತ್ತರವಿರಲಿಲ್ಲ. ಆ ಉತ್ತರಗಳಿಲ್ಲದೆ ಯೋಧರನ್ನು ವಿಮಾನ ಹತ್ತಿಸುವ ಹಕ್ಕು ಯಾವ ಸರ್ಕಾರಕ್ಕೂ ಇಲ್ಲ.